ಬ್ರೇಕ್ ಸದ್ದು ಮಾಡುತ್ತಿದೆಯಾ? ಸದ್ದಿನಿಂದ ದೋಷ ಹುಡುಕಿ, ಮನೆಯಲ್ಲೇ ಪ್ಯಾಡ್ ಬದಲಿಸುವ ಬಗೆ

ಬ್ರೇಕ್ ಹಾಕಿದಾಗ ಸದ್ದು ಬಂತು ಅಂದರೆ ‘ಪ್ಯಾಡ್ ಹೋಗಿದೆ, ಹೊಸದು ಹಾಕಿಸಿ’ ಎನ್ನುವವರೇ ಜಾಸ್ತಿ. ಕೆಲವು ಸಲ ಅದು ನಿಜ. ಆದರೆ ಎಷ್ಟೋ ಸಲ ಪ್ಯಾಡ್ ಚೆನ್ನಾಗಿಯೇ ಇರುತ್ತದೆ, ಸದ್ದು ಬೇರೆ ಕಡೆಯಿಂದ ಬರುತ್ತಿರುತ್ತದೆ. ಇನ್ನು ಕೆಲವು ಸಲ ಪ್ಯಾಡ್ ಸವೆದಿರುತ್ತದೆ, ಆದರೆ ಅದು ಬೇಗ ಸವೆಯಲು ಕಾರಣ ಪಕ್ಕದಲ್ಲೇ ಕೂತಿರುತ್ತದೆ. ಆ ಕಾರಣ ಹುಡುಕದೆ ಪ್ಯಾಡ್ ಮಾತ್ರ ಬದಲಿಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಸದ್ದು.

ಮುಂದೆ ಹೇಳುವುದು ಅರ್ಥವಾಗಲು ಡಿಸ್ಕ್ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಅಂತ ಒಂದಿಷ್ಟು ತಿಳಿದಿರಬೇಕು. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡು ಬದಿಯಿಂದ ಹಿಡಿಯುವುದು ಕ್ಯಾಲಿಪರ್, ಅದರೊಳಗೆ ಡಿಸ್ಕ್‌ಗೆ ಉಜ್ಜಿ ಗಾಡಿ ನಿಲ್ಲಿಸುವ ಎರಡು ಪ್ಯಾಡ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಒತ್ತಡಕ್ಕೆ ಪಿಸ್ಟನ್ ಮುಂದೆ ಬಂದು ಒಳಬದಿಯ ಪ್ಯಾಡನ್ನು ಡಿಸ್ಕ್‌ಗೆ ತಳ್ಳುತ್ತದೆ. ಹೆಚ್ಚಿನ ಕಾರುಗಳಲ್ಲಿ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಹಾಗಾಗಿ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಜಾರಿ ಹೊರಬದಿಯ ಪ್ಯಾಡನ್ನೂ ಎಳೆದು ತರುತ್ತದೆ. ಈ ಪಿನ್‌ಗಳನ್ನು ನೆನಪಿಟ್ಟುಕೊಳ್ಳಿ. ಬ್ರೇಕ್ ತೊಂದರೆಯಲ್ಲಿ ಎಲ್ಲರೂ ಮರೆಯುವುದು ಇವುಗಳನ್ನೇ.

ಇವು ಕಂಡರೆ ಗಾಡಿ ಓಡಿಸಲೇಬೇಡಿ

ಪೆಡಲ್ ತಳದವರೆಗೆ ಹೋಗುತ್ತಿದ್ದರೆ, ಅಥವಾ ಒತ್ತಿದಾಗ ಮೆತ್ತಗೆ ಆಗಿದ್ದರೆ ಅಲ್ಲೇ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೂ ಅಷ್ಟೇ. ಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗಿದ್ದರೆ, ಸುಟ್ಟ ವಾಸನೆಯ ಜೊತೆ ಹೊಗೆ ಬರುತ್ತಿದ್ದರೆ, ಬ್ರೇಕ್ ಹಾಕಿದಾಗ ಗಾಡಿ ಜೋರಾಗಿ ಒಂದು ಕಡೆಗೆ ಎಳೆದರೆ ಮನೆ ಕೆಲಸದ ಮಾತು ಬಿಡಿ. ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜ್‌ಗೆ ಕಳಿಸಿ. ‘ನಿಧಾನವಾಗಿ ಓಡಿಸಿಕೊಂಡು ಹೋಗ್ತೀನಿ’ ಅನ್ನುವ ಲೆಕ್ಕ ಬ್ರೇಕ್ ವಿಷಯದಲ್ಲಿ ನಡೆಯುವುದಿಲ್ಲ. ಎದುರಿಗೆ ಬರುವವರಿಗೆ ನಿಮ್ಮ ಗಾಡಿಯಲ್ಲಿ ಬ್ರೇಕ್ ಇಲ್ಲ ಅಂತ ಗೊತ್ತಿರುವುದಿಲ್ಲ.

ಮೊದಲು ಸುಮ್ನೆ ಕೇಳಿಸಿಕೊಳ್ಳಿ

ಖರ್ಚಿಲ್ಲದ ಪರೀಕ್ಷೆ ಅಂದರೆ ಇದೇ. ಖಾಲಿ ರಸ್ತೆಯಲ್ಲಿ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ನಿಧಾನವಾಗಿ ಓಡಿಸಿ. ಸದ್ದು ಪೆಡಲ್ ಒತ್ತಿದಾಗ ಶುರುವಾಗುತ್ತದೆಯೋ, ಒತ್ತಿದಾಗ ನಿಲ್ಲುತ್ತದೆಯೋ? ವೇಗದ ಜೊತೆ ಸದ್ದಿನ ಗತಿಯೂ ಹೆಚ್ಚಾಗುತ್ತದೆಯೋ? ಗಾಡಿ ತಣ್ಣಗಿದ್ದಾಗ ಮಾತ್ರವೋ, ಬಿಸಿಯಾದ ಮೇಲೋ? ಸ್ಟಿಯರಿಂಗ್ ತಿರುಗಿಸಿದಾಗ ಬದಲಾಗುತ್ತದೆಯೋ? ಪಕ್ಕದಲ್ಲಿ ಗೋಡೆ ಇರುವ ಕಡೆ ಹಾದುಹೋದರೆ ಸದ್ದು ಮರಳಿ ಬಂದು ಯಾವ ಬದಿ ಅಂತ ತಿಳಿಯುತ್ತದೆ. ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಬ್ರೇಕ್ ಮುಟ್ಟದೆ ಹೋಗುವಾಗ ‘ಹೂಂ’ ಎಂಬ ಗುಂಯ್‌ಗುಡುವ ಸದ್ದು ಇದ್ದು, ತಿರುವಿನಲ್ಲಿ ಹೆಚ್ಚು ಕಡಿಮೆ ಆಗುತ್ತಿದ್ದರೆ ಅದು ಬಹುಪಾಲು ವೀಲ್ ಬೇರಿಂಗ್. ಪ್ಯಾಡ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಬೇರೆ ಮಾಡಿಕೊಳ್ಳಿ.

ಬೆಳಗ್ಗೆ ಮಾತ್ರ ಕರಕರ, ಆಮೇಲೆ ಇಲ್ಲ

ಮಳೆಯಲ್ಲಿ ನಿಂತಿದ್ದ ಅಥವಾ ತೊಳೆದು ನಿಲ್ಲಿಸಿದ ಗಾಡಿಯ ಡಿಸ್ಕ್ ಮೇಲೆ ಒಂದೇ ರಾತ್ರಿಯಲ್ಲಿ ತೆಳ್ಳಗೆ ತುಕ್ಕು ಹಿಡಿಯುತ್ತದೆ. ಡಿಸ್ಕ್ ಬರಿಯ ಕಬ್ಬಿಣ, ಅದಕ್ಕೆ ಬಣ್ಣ ಇರುವುದಿಲ್ಲ. ನಾಲ್ಕೈದು ಸಲ ಬ್ರೇಕ್ ಹಾಕಿದರೆ ಪ್ಯಾಡೇ ಅದನ್ನು ಉಜ್ಜಿ ತೆಗೆಯುತ್ತದೆ. ಏನೂ ಮಾಡಬೇಕಾಗಿಲ್ಲ. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯಾದರೆ ಮಾತ್ರ ತುಕ್ಕು ಆಳಕ್ಕೆ ಇಳಿದಿರಬಹುದು. ಆಗ ಸದ್ದು ಹೋಗುವುದಿಲ್ಲ, ಡಿಸ್ಕ್ ತೋರಿಸಬೇಕು.

ಬ್ರೇಕ್ ಒತ್ತದಿದ್ದರೂ ತಗಡು ಉಜ್ಜಿದಂಥ ಸದ್ದು

ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ಅದೂ ಮಣ್ಣು ಜಲ್ಲಿ ರಸ್ತೆಯಲ್ಲಿ ಹೋಗಿ ಬಂದ ಮೇಲೆ, ಡಿಸ್ಕ್‌ಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಕಲ್ಲು ಸಿಕ್ಕಿರುವ ಸಾಧ್ಯತೆ ಹೆಚ್ಚು. ಸ್ವಲ್ಪ ಹಿಂದಕ್ಕೆ ಮುಂದಕ್ಕೆ ಓಡಿಸಿದರೆ ಕೆಲವು ಸಲ ತಾನೇ ಬೀಳುತ್ತದೆ. ಇಲ್ಲದಿದ್ದರೆ ಚಕ್ರ ಬಿಚ್ಚಿ ಟಾರ್ಚ್ ಹಿಡಿದು ನೋಡಿ. ಆ ತಗಡು ಬಾಗಿ ಡಿಸ್ಕ್‌ಗೆ ತಾಗುತ್ತಿದ್ದರೆ ಕೈಯಿಂದಲೇ ಹಿಂದಕ್ಕೆ ಬಾಗಿಸಬಹುದು. ಗಾಡಿ ಓಡಿ ಬಂದ ಕೂಡಲೇ ಮುಟ್ಟಬೇಡಿ, ಡಿಸ್ಕ್ ಚರ್ಮ ಸುಡುವಷ್ಟು ಬಿಸಿ ಇರುತ್ತದೆ.

‘ಕೀಂಯ್’ ಎಂಬ ಕೀರಲು ಸದ್ದು

ಜನ ಹೆಚ್ಚಾಗಿ ದೂರುವುದು ಇದನ್ನೇ. ಇದಕ್ಕೆ ಮೂರು ನಾಲ್ಕು ಕಾರಣ ಇರುವುದರಿಂದ ಗೊಂದಲವೂ ಇಲ್ಲೇ ಹೆಚ್ಚು.

ಅನೇಕ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ತೆಳ್ಳಗಾದಾಗ ಈ ನಾಲಿಗೆ ಡಿಸ್ಕ್‌ಗೆ ತಾಗಿ ಕೀರಲಿ ಅಂತ ತಯಾರಿಸುವವರೇ ಇಟ್ಟಿರುತ್ತಾರೆ. ಇದರ ಗುರುತು ಏನೆಂದರೆ, ಗಾಡಿ ಓಡುವಾಗಲೇ ಸಣ್ಣಗೆ ಕೀರಲು ಕೇಳುತ್ತದೆ, ಪೆಡಲ್ ಒತ್ತಿದಾಗ ಕೆಲವು ಸಲ ನಿಲ್ಲುತ್ತದೆ ಅಥವಾ ಬದಲಾಗುತ್ತದೆ. ಇದು ಕೇಳಿದರೆ ಇನ್ನೂ ಸಮಯ ಇದೆ, ಆದರೆ ಜಾಸ್ತಿ ಇಲ್ಲ. ಕೆಲವು ಕಾರುಗಳಲ್ಲಿ ನಾಲಿಗೆಯ ಬದಲು ವೈರ್ ಇರುವ ಸೆನ್ಸರ್ ಇದ್ದು, ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತದೆ.

ಬ್ರೇಕ್ ಹಗುರವಾಗಿ ಒತ್ತಿದಾಗ ಮಾತ್ರ ಕೀರಿ, ಜೋರಾಗಿ ಒತ್ತಿದರೆ ನಿಂತುಹೋದರೆ ಪ್ಯಾಡ್ ಕಂಪಿಸುತ್ತಿದೆ ಅಂತ ಅರ್ಥ. ಪ್ಯಾಡನ್ನು ಹಿಡಿದಿಡುವ ಕ್ಲಿಪ್ ಸಡಿಲವಾಗಿರಬಹುದು, ಪ್ಯಾಡ್ ಹಿಂಬದಿಗೆ ಅಂಟಿರುವ ತೆಳು ತಗಡು (ಶಿಮ್) ಇಲ್ಲದಿರಬಹುದು, ಪ್ಯಾಡ್‌ನ ತುದಿ ಕೂರುವ ಜಾಗದಲ್ಲಿ ಗ್ರೀಸ್ ಒಣಗಿರಬಹುದು. ಬ್ರೇಕ್ ನಿಲ್ಲಿಸುತ್ತದೆ, ಅಪಾಯ ಇಲ್ಲ, ಕಿರಿಕಿರಿ ಅಷ್ಟೇ. ಬಿಚ್ಚಿ ಸ್ವಚ್ಛ ಮಾಡಿ ಗ್ರೀಸ್ ಹಾಕಿದರೆ ಬಹಳ ಸಲ ಸರಿಹೋಗುತ್ತದೆ, ಹೊಸ ಪ್ಯಾಡೂ ಬೇಕಾಗುವುದಿಲ್ಲ.

ಉದ್ದದ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದ ಮೇಲೆ ಕೀರಲು ಶುರುವಾದರೆ ಪ್ಯಾಡ್ ಅತಿಯಾಗಿ ಬಿಸಿಯಾಗಿ ಮೇಲ್ಮೈ ಗಾಜಿನ ಹಾಗೆ ಹೊಳಪು ಬಂದಿರುತ್ತದೆ. ಇಂಥ ಪ್ಯಾಡ್ ಹಿಡಿತವನ್ನೂ ಕಳೆದುಕೊಂಡಿರುತ್ತದೆ. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬದಲಿಸಿಬಿಡಿ.

‘ಗರಗರ’ ಎಂದು ಕಬ್ಬಿಣ ಕಬ್ಬಿಣ ಉಜ್ಜುವ ಸದ್ದು

ಒತ್ತಿದಾಗ ಗರಗರ ಸದ್ದು, ಪೆಡಲ್‌ನಲ್ಲೂ ಒರಟುತನ. ಉಜ್ಜುವ ಪದರ ಪೂರ್ತಿ ಮುಗಿದು ಅದರ ಹಿಂದಿನ ಉಕ್ಕಿನ ಪ್ಲೇಟ್ ಡಿಸ್ಕನ್ನು ಕೊರೆಯುತ್ತಿದೆ. ಇಲ್ಲಿ ‘ವಾರ ಬಿಟ್ಟು ನೋಡೋಣ’ ಎನ್ನುವ ಮಾತೇ ಇಲ್ಲ. ನಿಲ್ಲುವ ದೂರ ಹೆಚ್ಚುತ್ತದೆ, ಡಿಸ್ಕ್ ಹಾಳಾಗುತ್ತದೆ, ಪಿಸ್ಟನ್ ಅಳತೆ ಮೀರಿ ಹೊರಬಂದು ಎಣ್ಣೆ ಸೋರುವ ಸ್ಥಿತಿಯೂ ಬರಬಹುದು. ಗಾಡಿಯನ್ನು ನಿಂತಲ್ಲೇ ಬಿಡಿ.

ಒಂದು ಮಾತು ಬೇರೆ. ಗಕ್ಕನೆ ಜೋರಾಗಿ ಬ್ರೇಕ್ ಒತ್ತಿದಾಗ ಮಾತ್ರ ಗರಗರ ಸದ್ದಿನ ಜೊತೆ ಪೆಡಲ್ ಕಾಲಿಗೆ ಪಟಪಟ ಹೊಡೆದರೆ ಅದು ಎಬಿಎಸ್, ಅಂದರೆ ಚಕ್ರ ಜಾಮ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ, ಕೆಲಸ ಮಾಡುತ್ತಿರುವ ಸದ್ದು. ದೋಷವಲ್ಲ. ಆಗ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ.

‘ಟಕ್’ ಎಂದು ಒಂದೇ ಸದ್ದು

ರಿವರ್ಸ್‌ನಿಂದ ಮುಂದಕ್ಕೆ ಬಂದು ಮೊದಲ ಸಲ ಬ್ರೇಕ್ ಹಾಕಿದಾಗ ಸಣ್ಣ ಟಕ್ ಸದ್ದು ಬಂದರೆ ಪ್ಯಾಡ್ ತನ್ನ ಜಾಗದಲ್ಲಿ ಒಂದಿಷ್ಟು ಸರಿದದ್ದು. ಸಣ್ಣದಾದರೆ ಚಿಂತೆಯಿಲ್ಲ. ಪ್ರತಿ ಸಲವೂ ಜೋರಾಗಿ ಬಂದರೆ ಕ್ಲಿಪ್ ಮುರಿದಿರಬಹುದು, ಕ್ಯಾಲಿಪರ್ ಬೋಲ್ಟ್ ಸಡಿಲವಾಗಿರಬಹುದು. ಇತ್ತೀಚೆಗೆ ಯಾರಾದರೂ ಆ ಚಕ್ರದ ಕೆಲಸ ಮಾಡಿದ್ದರೆ ಬೋಲ್ಟನ್ನು ಅವತ್ತೇ ನೋಡಿ. ಗುಂಡಿ ಇಳಿದಾಗಲೂ ಅದೇ ಸದ್ದು ಬಂದರೆ ಅದು ಸಸ್ಪೆನ್ಷನ್ ಬುಷ್ ಅಥವಾ ಬಾಲ್ ಜಾಯಿಂಟ್, ಅದನ್ನು ಮೆಕ್ಯಾನಿಕ್‌ಗೆ ಬಿಡಿ.

ಪೆಡಲ್ ಅಥವಾ ಸ್ಟಿಯರಿಂಗ್ ನಡುಗುತ್ತದೆ

ಸಾಮಾನ್ಯ ಬ್ರೇಕ್‌ಗೂ ಸ್ಟಿಯರಿಂಗ್ ಅದುರಿದರೆ ಬಹಳ ಮಟ್ಟಿಗೆ ಮುಂದಿನ ಡಿಸ್ಕ್. ಸೀಟು ಮಾತ್ರ ಅದುರಿದರೆ ಹಿಂದಿನದು. ‘ಡಿಸ್ಕ್ ಬೆಂಡ್ ಆಗಿದೆ’ ಎನ್ನುವುದು ಎಲ್ಲರ ಬಾಯಲ್ಲಿ ಬರುವ ಮಾತು. ನಿಜದಲ್ಲಿ ಹೆಚ್ಚಿನ ಸಲ ಡಿಸ್ಕ್ ಬಾಗಿರುವುದಿಲ್ಲ, ಸುತ್ತಲೂ ಒಂದೇ ದಪ್ಪ ಉಳಿದಿರುವುದಿಲ್ಲ. 1 ಮಿ.ಮೀ.ನ ನೂರನೇ ಒಂದೆರಡು ಪಾಲು ವ್ಯತ್ಯಾಸವಾದರೂ ಕಾಲಿಗೆ ಗೊತ್ತಾಗುತ್ತದೆ. ವೀಲ್ ನಟ್‌ಗಳನ್ನು ಒಂದೊಂದು ಒಂದೊಂದು ಬಿಗಿಗೆ ತಿರುಗಿಸುವುದು, ಡಿಸ್ಕ್ ಕೂರುವ ಹಬ್‌ನ ಮೇಲೆ ತುಕ್ಕು ಉಳಿಸಿ ಡಿಸ್ಕ್ ಕೂರಿಸುವುದು ಇದಕ್ಕೆ ದಾರಿ ಮಾಡಿಕೊಡುತ್ತವೆ. ಹೊಸ ಪ್ಯಾಡ್ ಹಾಕಿದರೆ ಈ ನಡುಕ ಹೋಗುವುದಿಲ್ಲ.

ಒಂದು ಚಕ್ರ ಮಾತ್ರ ಬಿಸಿ

ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ. ಮುಟ್ಟದೆ, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಸ್ಲೈಡ್ ಪಿನ್ ಜಾಮ್ ಆಗಿರಬಹುದು, ಪಿಸ್ಟನ್ ಹಿಂದೆ ಸರಿಯದಿರಬಹುದು, ಹಳೆಯ ರಬ್ಬರ್ ಹೋಸ್ ಒಳಗೇ ಊದಿ ಎಣ್ಣೆ ವಾಪಸ್ ಬರಲು ಬಿಡದಿರಬಹುದು. ಪಿನ್ ಆದರೆ ಮನೆಯಲ್ಲೇ ಸರಿಮಾಡಬಹುದು. ಉಳಿದೆರಡು ಗ್ಯಾರೇಜ್ ಕೆಲಸ.

ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಹಿಂದಿನಿಂದ ಕೀರಲು ಬಂದರೆ ಡ್ರಮ್ ಒಳಗೆ ತುಂಬಿದ ಧೂಳು ಅಥವಾ ಸವೆದ ಲೈನರ್ (ಉಜ್ಜುವ ಪದರ) ಬಹುಪಾಲು ಕಾರಣ. ಅದರ ಸ್ಪ್ರಿಂಗ್ ಕೆಲಸ ಬೇರೆಯೇ ತರಹ, ಇಲ್ಲಿ ಅದಕ್ಕೆ ಹೋಗುವುದಿಲ್ಲ.

ಚಕ್ರ ಬಿಚ್ಚದೆ ನೋಡುವುದು, ಬಿಚ್ಚಿ ನೋಡುವುದು

ಅಲಾಯ್ ವೀಲ್ ಆದರೆ ಸಂದಿಯಿಂದ ಟಾರ್ಚ್ ಬಿಟ್ಟು ಹೊರಬದಿಯ ಪ್ಯಾಡ್ ನೋಡಬಹುದು. ಉಕ್ಕಿನ ಪ್ಲೇಟ್ ಬಿಟ್ಟು ಉಜ್ಜುವ ಪದರವನ್ನು ಮಾತ್ರ ಅಳೆಯಬೇಕು. ಹೊಸದರಲ್ಲಿ ಅದು ಸುಮಾರು 10 ರಿಂದ 12 ಮಿ.ಮೀ. ಇರುತ್ತದೆ. 3 ಮಿ.ಮೀ. ಉಳಿದರೆ ಬದಲಿಸುವ ಹೊತ್ತು. ಅದಕ್ಕಿಂತ ಕಡಿಮೆಯಾದರೆ ತಡ ಮಾಡಬೇಡಿ.

ಹೊರಗಿನದು ದಪ್ಪವಾಗಿ ಕಂಡಿತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಒಳಗಿನ ಪ್ಯಾಡ್ ಪೂರ್ತಿ ಮುಗಿದಿದ್ದರೂ ಹೊರಗಿನದು ಹೊಸದರಂತೆ ಕಾಣುವುದು ಉಂಟು. ಚಕ್ರ ಬಿಚ್ಚಿ ಎರಡನ್ನೂ ಪಕ್ಕಪಕ್ಕ ನೋಡಿದಾಗಲೇ ನಿಜ ತಿಳಿಯುವುದು. ಎರಡೂ ಒಂದೇ ಸಮ ಸವೆದಿದ್ದರೆ ಅದು ಸಹಜ ಸವೆತ, ಹೊಸದು ಹಾಕಿದರೆ ಸಾಕು. ಒಂದು ತೆಳ್ಳಗೆ ಇನ್ನೊಂದು ದಪ್ಪ ಇದ್ದರೆ ಸ್ಲೈಡ್ ಪಿನ್ ಜಾರುತ್ತಿಲ್ಲ ಅಥವಾ ಪಿಸ್ಟನ್ ಸರಿಯಾಗಿ ವಾಪಸ್ ಹೋಗುತ್ತಿಲ್ಲ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ಮಾತ್ರ ಓರೆಯಾಗಿ ಸವೆದಿದ್ದರೆ ಎರಡು ಪಿನ್‌ಗಳಲ್ಲಿ ಒಂದು ಹಿಡಿದುಕೊಂಡಿದೆ, ಇಲ್ಲವೇ ಪ್ಯಾಡ್ ತಾನು ಕೂರುವ ಚೌಕಟ್ಟಿನ (ಬ್ರಾಕೆಟ್) ತುಕ್ಕಿನಲ್ಲಿ ಸಿಕ್ಕಿಕೊಂಡಿದೆ. ಎಡಕ್ಕೂ ಬಲಕ್ಕೂ ತುಂಬಾ ವ್ಯತ್ಯಾಸವಿದ್ದರೆ ಕ್ಯಾಲಿಪರ್ ಮೇಲೆ ಅನುಮಾನ ಪಡಿ. ಹಳೆಯ ಪ್ಯಾಡ್‌ಗಳನ್ನು ಎಸೆಯುವ ಮುಂಚೆ ಹೀಗೆ ಓದಿಕೊಳ್ಳುವುದು ಈ ಇಡೀ ಕೆಲಸದಲ್ಲಿ ಅತಿ ಬೆಲೆಯ ಹೆಜ್ಜೆ ಅಂತ ನನ್ನ ಅನಿಸಿಕೆ. ಹೊಸ ಪ್ಯಾಡ್ ಎಷ್ಟು ದಿನ ಬಾಳುತ್ತದೆ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

ಡಿಸ್ಕನ್ನೂ ನೋಡಿ. ಉಗುರು ಎಡವುವಷ್ಟು ಆಳದ ಗೆರೆಗಳು, ಬಿರುಕು, ಅಂಚಿನಲ್ಲಿ ಎತ್ತರದ ಏಣು ಇದ್ದರೆ ಅಳೆಸಬೇಕು. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಬಹಳಷ್ಟು ಡಿಸ್ಕ್‌ಗಳ ಮೇಲೇ ಕೆತ್ತಿರುತ್ತಾರೆ. ಅದಕ್ಕಿಂತ ತೆಳ್ಳಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಎಡ ಬಲ ಎರಡೂ ಚಕ್ರದ ಡಿಸ್ಕ್ ಬದಲಿಸಬೇಕು.

ಪ್ಯಾಡ್ ಬದಲಿಸುವುದು

ಹಿಂದಿನ ಚಕ್ರಕ್ಕೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅದನ್ನು ಸರ್ವಿಸ್ ಮೋಡ್‌ಗೆ ಹಾಕದೆ ಪಿಸ್ಟನ್ ಒತ್ತಿದರೆ ಅದರ ಮೋಟರ್ ಹಾಳಾಗಬಹುದು. ಹ್ಯಾಂಡ್‌ಬ್ರೇಕ್ ಕೇಬಲ್ ಇರುವ ಹಿಂದಿನ ಕ್ಯಾಲಿಪರ್‌ಗಳಲ್ಲೂ ಪಿಸ್ಟನನ್ನು ಒತ್ತುವ ಬದಲು ತಿರುಗಿಸಿ ಒಳಗೆ ಕಳಿಸಬೇಕಾಗುವುದು ಸಾಮಾನ್ಯ. ಮೊದಲ ಸಲ ಮಾಡುವವರು ಮುಂದಿನ ಚಕ್ರದಿಂದ ಶುರುಮಾಡಿ. ಮುಂದಿನದೇ ಬೇಗ ಸವೆಯುವುದು ಕೂಡ, ಏಕೆಂದರೆ ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ.

ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಗಾಡಿಯ ಕೈಪಿಡಿ ತೋರಿಸಿದ ಜಾಗಕ್ಕೆ ಜಾಕ್ ಸ್ಟ್ಯಾಂಡ್ ಕೊಟ್ಟು ಭಾರ ಅದರ ಮೇಲೆ ಇಳಿಸಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸ ಅವತ್ತು ಬೇಡ. ಇಟ್ಟಿಗೆ, ಕಲ್ಲು ಒಡೆಯುತ್ತವೆ. ಬಿಚ್ಚಿದ ಚಕ್ರವನ್ನು ಗಾಡಿಯ ಅಡಿ ಮಲಗಿಸಿಟ್ಟರೆ ಇನ್ನೊಂದು ರಕ್ಷಣೆ.

ಒಂದು ಬದಿ ಮುಗಿಸಿ ಇನ್ನೊಂದು ಬದಿ ಬಿಚ್ಚಿ. ಕ್ಲಿಪ್ ಎಲ್ಲಿತ್ತು ಅಂತ ಮರೆತರೆ ನೋಡಲು ಇನ್ನೊಂದು ಬದಿ ಇರುತ್ತದೆ. ಮುಂಚೆಯೇ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ.

ಬ್ರೇಕ್ ಧೂಳನ್ನು ಊದಬೇಡಿ, ಗಾಳಿ ಪೈಪ್ ಹಿಡಿಯಬೇಡಿ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಹಳೆಯ ಕೆಲವು ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಕೂಡ ಇರುತ್ತಿತ್ತು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ.

ಈಗ ಕ್ಯಾಲಿಪರ್‌ನ ಕೆಳಗಿನ ಪಿನ್ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಮೇಲಕ್ಕೆ ಮಡಚಿ. ಕೆಲವು ಗಾಡಿಗಳಲ್ಲಿ ಎರಡೂ ಬೋಲ್ಟ್ ಬಿಚ್ಚಬೇಕು. ಪೂರ್ತಿ ಬಿಡಿಸಿದರೆ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ. ಬ್ರೇಕ್ ಹೋಸ್‌ನಲ್ಲಿ ಜೋತುಬಿಡಲೇಬಾರದು, ಒಳಗೆ ಹರಿದರೆ ಹೊರಗೆ ಕಾಣುವುದೇ ಇಲ್ಲ. ಹಳೆಯ ಪ್ಯಾಡ್, ಕ್ಲಿಪ್ ತೆಗೆದು ಬ್ರಾಕೆಟ್‌ನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಲೋಹ ಕಾಣುವವರೆಗೆ ಉಜ್ಜಿ.

ಸ್ಲೈಡ್ ಪಿನ್‌ಗಳಿಗೆ ಬಂದಾಗ ಆತುರ ಬೇಡ. ಎರಡನ್ನೂ ಕೈಯಿಂದ ಎಳೆದು ತಳ್ಳಿ ನೋಡಿ, ಸಲೀಸಾಗಿ ಜಾರಬೇಕು. ಹೊರತೆಗೆದು ಹಳೆಯ ಗ್ರೀಸ್ ಪೂರ್ತಿ ಒರೆಸಿ. ಯಾವುದು ಮೇಲಿನದು ಯಾವುದು ಕೆಳಗಿನದು ಅಂತ ಗುರುತಿಟ್ಟುಕೊಳ್ಳಿ, ಎರಡೂ ಒಂದೇ ತರಹ ಇರಬೇಕೆಂದಿಲ್ಲ. ತುಕ್ಕು ತಿಂದ ಪಿನ್, ಹರಿದ ರಬ್ಬರ್ ಚೀಲ ಇದ್ದರೆ ಹೊಸದು ಹಾಕಿ. ಬ್ರೇಕ್‌ಗೆಂದೇ ಮಾಡಿದ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿ ಪಿನ್ ಇನ್ನಷ್ಟು ಬಿಗಿಯಾಗುತ್ತದೆ.

ಪಿಸ್ಟನ್ ಒತ್ತುವ ಮೊದಲು ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಬಂದು ಡಬ್ಬಿಯಲ್ಲಿ ಮಟ್ಟ ಇಳಿದಿರುತ್ತದೆ. ಯಾರಾದರೂ ನಡುವೆ ತುಂಬಿಸಿದ್ದರೆ ಈಗ ಪಿಸ್ಟನ್ ಒತ್ತಿದಾಗ ಉಕ್ಕಿ ಚೆಲ್ಲುತ್ತದೆ, ಗಾಡಿಯ ಬಣ್ಣ ತಿನ್ನುತ್ತದೆ. ಮುಚ್ಚಳದ ಸುತ್ತ ಒರೆಸಿ, ತೆಗೆದು, ಮಟ್ಟ ಮೇಲಿದ್ದರೆ ಸ್ವಲ್ಪ ಹೀರಿ ತೆಗೆಯಿರಿ. ಹಳೆಯ ಪ್ಯಾಡನ್ನು ಪಿಸ್ಟನ್ ಮುಖಕ್ಕೆ ಇಟ್ಟು ಸಿ ಕ್ಲ್ಯಾಂಪ್‌ನಿಂದ ನಿಧಾನವಾಗಿ, ನೇರವಾಗಿ ಒತ್ತಿ. ಅದು ಒಂದೇ ಸಮನೆ ಒಳಗೆ ಹೋಗಬೇಕು. ಹೋಗದಿದ್ದರೆ, ಅಥವಾ ಅದರ ರಬ್ಬರ್ ಹರಿದು ಎಣ್ಣೆ ಕಂಡರೆ ಬಲ ಹಾಕಬೇಡಿ. ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ.

ಹೊಸ ಕ್ಲಿಪ್ ಹಾಕಿ, ಪ್ಯಾಡ್‌ನ ಕಿವಿಗಳು (ಎರಡು ತುದಿ) ಕೂರುವ ಜಾಗಕ್ಕೆ ಮತ್ತು ಹಿಂಬದಿಗೆ ಬಿಸಿ ತಡೆಯುವ ಬ್ರೇಕ್ ಗ್ರೀಸ್ ಚೂರು ಸವರಿ ಪ್ಯಾಡ್ ಕೂರಿಸಿ. ಉಜ್ಜುವ ಮುಖಕ್ಕಾಗಲಿ ಡಿಸ್ಕ್‌ಗಾಗಲಿ ಗ್ರೀಸ್ ತಾಗಬಾರದು. ನಾಲಿಗೆ ಇರುವ ಪ್ಯಾಡ್ ಒಳಬದಿಯದೋ ಹೊರಬದಿಯದೋ ಅಂತ ಹಳೆಯದನ್ನು ನೋಡಿ ಹಾಕಿ. ಬೋಲ್ಟ್‌ಗಳನ್ನು ಸರ್ವಿಸ್ ಪುಸ್ತಕದಲ್ಲಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್‌ನಿಂದ (ಬಿಗಿ ಅಳೆಯುವ ಪಾನ) ತಿರುಗಿಸಿ. ಅಂದಾಜು ಇಲ್ಲಿ ಬೇಡ. ಎಡ ಬಲ ಎರಡೂ ಚಕ್ರದ ಪ್ಯಾಡ್ ಒಟ್ಟಿಗೇ ಬದಲಿಸಬೇಕು, ಒಂದೇ ಬದಿ ಬದಲಿಸಿದರೆ ಗಾಡಿ ಒಂದು ಕಡೆಗೆ ಎಳೆಯಬಹುದು. ಚಕ್ರ ಹಾಕಿ, ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ. 50 ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಗಾಡಿ ಕದಲಿಸುವ ಮುಂಚೆ

ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಒಳಗೆ ತಳ್ಳಿದ ಪಿಸ್ಟನ್ ಪ್ಯಾಡ್ ಹತ್ತಿರ ಬರುವವರೆಗೆ ಮೊದಲ ಕೆಲವು ಒತ್ತಿಗೆ ಬ್ರೇಕೇ ಇರುವುದಿಲ್ಲ. ಇದನ್ನು ಮರೆತು ಗಾಡಿ ತೆಗೆದರೆ ಎದುರಿನ ಗೋಡೆಗೇ ಹೋಗಿ ನಿಲ್ಲುತ್ತೀರಿ. ಆಮೇಲೆ ಆಯಿಲ್ ಮಟ್ಟ ನೋಡಿ, ಬೇಕಿದ್ದರೆ ಮುಚ್ಚಳದ ಮೇಲೆ ಬರೆದಿರುವ ಬಗೆಯನ್ನೇ, ಸೀಲ್ ಒಡೆಯದ ಡಬ್ಬಿಯಿಂದ ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ಎಷ್ಟು ಒತ್ತಿದರೂ ಪೆಡಲ್ ಮೆತ್ತಗೇ ಉಳಿದರೆ ಒಳಗೆ ಗಾಳಿ ಸೇರಿದೆ, ಗಾಡಿ ತೆಗೆಯಬೇಡಿ.

ಖಾಲಿ ರಸ್ತೆಯಲ್ಲಿ ಸುಮಾರು 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಕೊಡಿ. ನಡುವೆ ಸ್ವಲ್ಪ ಓಡಿಸಿ ಆರಲು ಬಿಟ್ಟು, ಹೀಗೆ 8 ರಿಂದ 10 ಸಲ. ಪ್ಯಾಡ್‌ನ ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಕೂರಲು ಇದು ಬೇಕು. ಪ್ಯಾಡ್ ಡಬ್ಬಿಯ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಿ. ಸ್ವಲ್ಪ ವಾಸನೆ ಬಂದರೆ ಸಹಜ. ಮೊದಲ 200–300 ಕಿ.ಮೀ. ಅನಗತ್ಯವಾಗಿ ಜೋರಾಗಿ ಬ್ರೇಕ್ ಹಾಕಬೇಡಿ.

ಹೊಸ ಪ್ಯಾಡ್ ಹಾಕಿದ ಮೇಲೂ ಸದ್ದು ಬಂದರೆ

ಮೊದಲ ಕೆಲವು ದಿನ ಸಣ್ಣ ಉಜ್ಜುವ ಸದ್ದು ಇರಬಹುದು, ಹೊಸ ಪ್ಯಾಡ್ ಹಳೆಯ ಡಿಸ್ಕ್‌ನ ಗೆರೆಗಳಿಗೆ ಹೊಂದಿಕೊಳ್ಳುತ್ತಿರುತ್ತದೆ. ಕೀರಲು ಹಾಗೇ ಉಳಿದರೆ ಮತ್ತೆ ಬಿಚ್ಚಿ ಕ್ಲಿಪ್, ಶಿಮ್, ಪಿನ್ ಈ ಮೂರನ್ನೇ ನೋಡಿ. ಎಲ್ಲ ಸರಿ ಇದ್ದೂ ಕೀರಿದರೆ ಪ್ಯಾಡ್‌ನ ಮಿಶ್ರಣವೇ ಕಾರಣವಿರಬಹುದು. ಲೋಹದ ಅಂಶ ಹೆಚ್ಚಿರುವ ಪ್ಯಾಡ್ ಸೆರಾಮಿಕ್ ಪ್ಯಾಡ್‌ಗಿಂತ ಹೆಚ್ಚು ಸದ್ದು ಮಾಡುವುದು ಅದರ ಗುಣ. ಗರಗರ ಸದ್ದು ಬಂದರೆ, ಅಥವಾ ಕೆಲಸಕ್ಕೆ ಮುಂಚೆ ಇಲ್ಲದ ಎಳೆತ, ಟಕ್ ಸದ್ದು ಈಗ ಶುರುವಾಗಿದ್ದರೆ ಓಡಿಸುವುದು ನಿಲ್ಲಿಸಿ, ಬೋಲ್ಟ್‌ಗಳನ್ನೂ ಪ್ಯಾಡ್ ಕೂತಿರುವ ರೀತಿಯನ್ನೂ ಕೂಡಲೇ ನೋಡಿ. ಕಾರಣ ಅಲ್ಲಿ ಸಿಗದಿದ್ದರೆ ಹಳೆಯ ಪ್ಯಾಡ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಗಾಡಿಯನ್ನು ಮೆಕ್ಯಾನಿಕ್ ಬಳಿಗೆ ಕಳಿಸಿ. ಅವು ಸವೆದಿರುವ ರೀತಿ ನೋಡಿದರೆ ಅವರಿಗೆ ಎಲ್ಲಿಂದ ಶುರುಮಾಡಬೇಕು ಅಂತ ಗೊತ್ತಾಗುತ್ತದೆ.